ಯಂತ್ರ ಹೋಯಿತು, ಪ್ಲಗಿನ್ ಉಳಿಯಿತು

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳ ಅಡ್ಡಹೆಸರು ಅನುಮಾನದಕ್ಕ. ಮಾಡಿದ್ದನ್ನೇ ಮತ್ತೆ ಮತ್ತೆ ನೋಡುವವಳು. ಮನೆಯಲ್ಲೂ ಅದೇ ಚಾಳಿ. ಅವತ್ತು ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೊರಡುವಾಗ, ಗಂಡ ಹಾಕಿದ ಬೀಗವನ್ನು ಇವಳು ಜಗ್ಗಿ ನೋಡಿದ್ದಕ್ಕೆ ಮಹಾರಾಯನ ಮುಖ ಊದಿಕೊಂಡಿತ್ತು.

ಇಂಥವಳೂ ಹಿಂದಿನ ವಾರ ಎಡವಿದ್ದಳು ನೋಡಿ. ಆಸ್ಪತ್ರೆಗೆ ಬೆಂಕಿಯೋ ನೀರೋ ನುಗ್ಗಿದರೆ ದಾಖಲೆಗಳ ನಕಲು ಬೇರೆ ಕಟ್ಟಡದಲ್ಲಿ ಉಳಿಯಲಿ ಎಂದು ಎರಡು ಆಪತ್ತಿನ ಯಂತ್ರಗಳಿದ್ದವು. ಕಬ್ಬಿಣದ ಯಂತ್ರಗಳಲ್ಲ, ಕಂಪ್ಯೂಟರಿನೊಳಗೇ ಇರುವ ವರ್ಚುವಲ್ ಯಂತ್ರಗಳು. ಒಂದು ಲೆಕ್ಕದ ವಿಭಾಗದ್ದು, ಇನ್ನೊಂದು ರಕ್ತಪರೀಕ್ಷೆಯ ಲ್ಯಾಬಿನದು. ಲೆಕ್ಕದವರದು ಹಳತಾಯಿತು, ತೆಗೆಯಿರಿ ಎಂದು ಅಪ್ಪಣೆಯಾಯಿತು. "ಅಕ್ಕ ಇನ್ನೂ ಯೋಚ್ನೆ ಮಾಡ್ತಾನೇ ಇರ್ತಾರೆ ಬಿಡಿ" ಎಂದು ಪಕ್ಕದವನು ಛೇಡಿಸಿದ. ರೋಷ ಬಂದು ಅಳಿಸಿಯೇಬಿಟ್ಟಳು. ಮೊದಲು ಪ್ಲಗಿನ್, ಅಂದರೆ ಆ ಯಂತ್ರವನ್ನು ಮುಖ್ಯ ವ್ಯವಸ್ಥೆಗೆ ಜೋಡಿಸುವ ಕೊಂಡಿ, ಬಿಡಿಸಿ ಆಮೇಲೆ ಯಂತ್ರ ಅಳಿಸಬೇಕಿತ್ತು. ಈಗ ಪ್ಲಗಿನ್ ಮಾತ್ರ ಮೆನುವಿನಲ್ಲಿ ಉಳಿದು, ದಿನಾ ಒಂದು ಕೆಂಪು ಎಚ್ಚರಿಕೆ.

ಅವತ್ತು ಕೆಲಸಕ್ಕೆ ಬಂದವಳೇ ಅದನ್ನು ಕೈಯಾರೆ ಕೀಳೋಣವೆಂದು ನೋಡಿದರೆ ಅಲ್ಲಿ ಎರಡು ಪ್ಲಗಿನ್! ಹೆಸರು ಒಂದೇ, ಕೊನೆಯ ಅಂಕಿ ಮಾತ್ರ ಬೇರೆ. ಯಾವುದು ಯಾರದು? ತಪ್ಪಿ ಲ್ಯಾಬಿನದನ್ನು ಕಿತ್ತರೆ ರೋಗಿಗಳ ವರದಿಗಳಿಗೆ ನಕಲೇ ಇರುವುದಿಲ್ಲ. ಎರಡರ ವಿಳಾಸಕ್ಕೂ ಪಿಂಗ್ ಕಳಿಸಿದಳು, ಅಂದರೆ 'ಇದೀಯಾ?' ಎಂದು ಕೂಗಿ ನೋಡಿದಳು. ಎರಡೂ ತುಟಿಪಿಟಕ್ಕೆನ್ನಲಿಲ್ಲ.

ಅಯ್ಯೋ ದೇವರೇ, ಅಳಿಸಿದ್ದು ಒಂದೇ ತಾನೇ? ಚಿಕ್ಕ ಅಂಕಿಯದೇ ಹಳೆಯದಿರಬೇಕು ಎನ್ನಿಸಿ ಬೆರಳು ಅದರ ಮೇಲೆ ಹೋಯಿತು. ಒತ್ತದೆ ಹಿಂದೆ ತೆಗೆದಳು.

ಧೈರ್ಯಕ್ಕೆಂದು ಗಂಡನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಾಗ ಎತ್ತಿದ.

"ಎಲ್ಲಿ ಹಾಳಾಗಿ ಹೋಗಿದ್ರಿ?"

"ಇಲ್ಲೇ ಇದೀನಿ. ಕೋಪ ಬಂದಿತ್ತು, ಎತ್ತಲಿಲ್ಲ. ಮಾತಾಡ್ಲಿಲ್ಲ ಅಂದ್ರೆ ಸತ್ತೇಹೋದೆ ಅಂತಾನಾ?"

ಅವಳು ಕೂತಲ್ಲಿಂದ ದಡಕ್ಕನೆ ಎದ್ದು ಲ್ಯಾಬಿಗೆ ಓಡಿದಳು. ಹೊರಗಿನ ಯಾರ ಕೂಗಿಗೂ ಉತ್ತರ ಕೊಡಕೂಡದೆಂದು ಲ್ಯಾಬಿನ ಜಾಲಕ್ಕೆ ಕಟ್ಟಪ್ಪಣೆ ಇತ್ತು. ಹಾಕಿದ್ದವಳೂ ಇವಳೇ, ಅನುಮಾನಕ್ಕೆ! ಒಳಗಿನ ಕಂಪ್ಯೂಟರಿನಿಂದ ಎರಡನ್ನೂ ಕೂಗಿದಾಗ ಒಂದು ಥಟ್ಟನೆ ಓಗೊಟ್ಟಿತು. ಚಿಕ್ಕ ಅಂಕಿಯದು. ಅವಳು ಕೀಳಲು ಹೊರಟಿದ್ದುದು ಅದನ್ನೇ.

ವಾಪಸ್ ಬಂದು, ಅಂಕಿಯನ್ನು ಎರಡೆರಡು ಸಲ ನೋಡಿ, ದೊಡ್ಡ ಅಂಕಿಯದನ್ನು ಕಿತ್ತಳು. ಕೆಂಪು ಎಚ್ಚರಿಕೆ ಮಾಯವಾಯಿತು. ಹಳೆಯದಕ್ಕೆ ದೊಡ್ಡ ಅಂಕಿ ಹೇಗೆ ಬಂತೋ, ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ.

"ಒಂದು ಸಾಲು ಅಳಿಸೋಕೆ ಇಷ್ಟು ಹೊತ್ತಾ?" ಎಂದರು ಮೇಲಧಿಕಾರಿ.

"ಹೌದು ಸಾರ್" ಎಂದಳು.

ಸಂಜೆ ಮನೆ ಬಾಗಿಲಲ್ಲಿ ನಿಂತು "ಇದೀರಾ?" ಎಂದು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗದೆ ಸೀದಾ ಒಳಗೆ ಹೋಗಿ ಗಂಡನ ಪಕ್ಕ ಕೂತಳು.

"ಬೀಗ ಜಗ್ಗಿದ್ದು ತಪ್ಪಾಯ್ತು."

"ಜಗ್ಗು, ಬೇಡ ಅನ್ನಲ್ಲ" ಎಂದ ಅವನು. "ನಾನು ಆ ಕಡೆ ತಿರುಗಿದ ಮೇಲೆ ಜಗ್ಗು."