ಕೋರೆಯ ಅಂಚಿನ ಚಪ್ಪಲಿ

ತಂಗಿಯ ಎಂಜಿನಿಯರಿಂಗ್ ಸೀಟಿಗೆ ಕಾಲೇಜು ಆರಿಸಬೇಕಾಗಿದ್ದ ವಾರ ಎರ್ಮಾಳಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಮಣಿಪಾಲದ ಕಡೆಯ ಕಾಲೇಜಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರಬಹುದಿತ್ತು. ಆದರೆ ಅವಳು ಹಟ ಹಿಡಿದಿದ್ದ ರೋಬೋಟಿಕ್ಸ್ ಅವಳ ರ್‍ಯಾಂಕಿಗೆ ಸಿಗುವಂತಿದ್ದದ್ದು ಕಾರ್ಕಳದ ಆಚೆಯ ಒಂದು ಕಾಲೇಜಿನಲ್ಲಿ ಮಾತ್ರ. ಅಲ್ಲಿಗೆ ಸೇರಿದರೆ ಹಾಸ್ಟೆಲಿನಲ್ಲಿರಬೇಕು, ಹಾಸ್ಟೆಲ್ ಅಂದರೆ ಸೋದರಮಾವ ಒಪ್ಪಬೇಕು. ನಮ್ಮಲ್ಲಿ ಇಂಥ ವಿಷಯಗಳಿಗೆ ಅವರದೇ ಕೊನೆಯ ಮಾತು.

ಮಾವ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವವರು. ನಮ್ಮ ಕುಟುಂಬದಲ್ಲಿ ಒಂದು ಪದ್ಧತಿ ಉಂಟು. ಮನೆಯ ಹೆಣ್ಣುಮಗಳು ಬೇರೆ ಊರಿನಲ್ಲಿ ನೆಲೆಸುವ ಮೊದಲು ಹಿರಿಯರೊಬ್ಬರು ಹೋಗಿ ಅಲ್ಲಿಯ ನೀರಿಗೆ ಕಾಲಿಟ್ಟು, ಮುಖ ತೊಳೆದು ಬರಬೇಕು. ನನ್ನ ಡಿಗ್ರಿ ಓದಿನ ಬಲದಿಂದ ಅದನ್ನು ತಮಾಷೆ ಮಾಡುತ್ತಲೇ ನಾನೂ ಮಾವ ಮತ್ತು ತಂಗಿಯ ಜೊತೆ ಕಾರು ಹತ್ತಿದೆ.

ಲ್ಯಾಬುಗಳನ್ನು ಮಾವ ಸುಮ್ಮನೆ ನೋಡಿದರು. ಹಾಸ್ಟೆಲಿನ ಊಟದಲ್ಲಿ ಮೀನಿಲ್ಲ ಎಂದು ತಿಳಿದಾಗ ಮಾತ್ರ ತಂಗಿಯತ್ತ ತಿರುಗಿದರು.

“ಮೀನಿಲ್ಲದೆ ನಿನ್ನ ತಲೆ ಓಡಲಿಕ್ಕುಂಟಾ ಮಾರಾಯ್ತಿ?”

ಆಮೇಲೆ ನೀರೆಲ್ಲಿ ಎಂದು ವಾಚ್‌ಮನ್‌ನನ್ನು ಕೇಳಿದರು. ಹಿಂಬದಿಯ ಬೇಲಿಯಾಚೆ ಕಲ್ಲು ಕಡಿದು ಬಿಟ್ಟ ಹೊಂಡ, ಹಳೆಯ ಕಲ್ಲಿನ ಕೋರೆ ಮಾತ್ರ ಇದೆ, ಹತ್ತಿರ ಹೋಗಬೇಡಿ ಎಂದ ಅವನು. ನದಿ ಕಡಲು ಸೇರುವ ಅಳಿವೆಯ ಅಬ್ಬರದಲ್ಲಿ ಬೋಟು ತಿರುಗಿಸುವ ಮಾವ ನಕ್ಕುಬಿಟ್ಟರು.

ಮಧ್ಯಾಹ್ನದ ಬಿಸಿಲು. ಕರಿಕಲ್ಲನ್ನು ನೇರವಾಗಿ ಕೊಯ್ದ ಗೋಡೆಗಳ ನಡುವೆ ನೀರು ಗಾಜಿನಂತೆ ಬಿದ್ದಿತ್ತು. ಹಾಸ್ಟೆಲ್ ಕಟ್ಟಡ ಅದರೊಳಗೆ ತಲೆಕೆಳಗಾಗಿ ನಿಂತಿತ್ತು, ಒಂದೊಂದು ಕಿಟಕಿಯೂ ಸ್ಪಷ್ಟ. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಅಂಚಿನಲ್ಲಿ, ನೀರಿಗೆ ಮುಖಮಾಡಿ, ಬಿಸಿಲಿಗೆ ಬಣ್ಣ ಹೋದ ಒಂದು ಜೊತೆ ಹೆಣ್ಣುಮಕ್ಕಳ ಚಪ್ಪಲಿ. ಯಾರೋ ಸ್ನಾನಕ್ಕಿಳಿದಿರಬೇಕೆಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಮಾವ ತಮ್ಮದನ್ನೂ ಅದರ ಪಕ್ಕದಲ್ಲೇ ಬಿಟ್ಟರು.

ಕಡಲಿಗೆ ಇಳಿಯುವವರ ಹಾಗೆಯೇ ಕಾಲಿಟ್ಟರು. ಕಡಲ ಬದಿಯ ಮರಳು ಮನುಷ್ಯನನ್ನು ನಿಧಾನವಾಗಿ ಆಳಕ್ಕೆ ಕರೆದೊಯ್ಯುತ್ತದೆ. ಇಲ್ಲಿ ಎರಡನೆಯ ಹೆಜ್ಜೆಗೆ ನೆಲವೇ ಇರಲಿಲ್ಲ. ಕೂಗಲಿಲ್ಲ, ಕೈ ಎತ್ತಲಿಲ್ಲ. ನೀರು ಮುಚ್ಚಿಕೊಂಡಿತು. ಮುರಿದಿದ್ದ ಕಟ್ಟಡ ಅದರೊಳಗೆ ಮತ್ತೆ ಕೂಡಿಕೊಂಡು, ಏನೂ ಆಗದ ಹಾಗೆ ನಿಂತಿತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಮುಳುಗುವ ಮಾವನಲ್ಲ, ಹಾಗೆ ಕೂಡಿಕೊಳ್ಳುವ ಕಿಟಕಿಗಳು.

ಮುಳುಗಿದ ಜಾಗದಲ್ಲಿ ಅವರು ಮೇಲೆ ಬರಲಿಲ್ಲ. ದೂರದ ಗೋಡೆಯ ಬಳಿ ಎರಡು ಅಂಗೈಗಳು ಎದ್ದು, ಪಾಚಿಗಟ್ಟಿದ ಕಲ್ಲನ್ನು ಸವರುತ್ತ ಜಾರುತ್ತಿದ್ದವು. ನಾನು ಕಲ್ಲಾಗಿದ್ದೆ. ತಂಗಿ ನನ್ನ ದುಪಟ್ಟಾವನ್ನೂ ಎಳೆದು ತನ್ನದಕ್ಕೆ ಗಂಟು ಹಾಕಿ, ಗೋಡೆಯ ಮೇಲಕ್ಕೆ ಓಡಿ ಇಳಿಬಿಟ್ಟಳು. ಮಾವ ಅದನ್ನು ಹಿಡಿದು ಒಂದು ಸಣ್ಣ ಕಲ್ಲಿನ ಮೆಟ್ಟಿಲಿನವರೆಗೆ ಬಂದರು. ಅಲ್ಲಿಂದ ನಾವಿಬ್ಬರೂ ಎಳೆದುಕೊಂಡೆವು.

ಕಾರಿನಲ್ಲಿ ಮಾವ ನಡುಗುತ್ತಿದ್ದರು. ಸೀಟಿನ ಆಸೆ ಬಿಟ್ಟವಳಂತೆ ತಂಗಿ ಹೊರಗೆ ನೋಡುತ್ತಿದ್ದಳು. ಪಡುಬಿದ್ರಿ ಹತ್ತಿರವಾದಾಗ ಮಾವ ತಮ್ಮ ಬರಿಗಾಲು ನೋಡಿಕೊಂಡರು. ತಿರುಗಿ ಹೋಗೋಣ ಎಂದು ಯಾರೂ ಹೇಳಲಿಲ್ಲ.

“ಆ ಬದಿಗೆ ಕಾಲಿಡುವುದಿಲ್ಲ ಅಂತ ಮಾತು ಕೊಡು, ಸೇರು. ಹೆದರಿದ್ದು ನಾನು, ಓದುವುದು ನೀನು,” ಎಂದರು. ಅಮ್ಮನಿಗೆ ಹೇಳುವುದು ಬೇಡ ಎಂದೂ ಸೇರಿಸಿದರು.

ತಂಗಿ ಈಗ ಆ ಹಾಸ್ಟೆಲಿನಲ್ಲೇ ಇದ್ದಾಳೆ. ಹೊಸಬರಿಗೆ ಸೀನಿಯರ್‌ಗಳು ಹೇಳುವ ಕಥೆಯನ್ನು ಮೊನ್ನೆ ಫೋನಿನಲ್ಲಿ ಹೇಳಿದಳು. ಕೋರೆಯ ಅಂಚಿನಲ್ಲಿ ಎರಡು ಜೊತೆ ಚಪ್ಪಲಿ ಉಂಟಂತೆ. ಒಂದು ಮುಳುಗಿದ ಹುಡುಗಿಯದು, ಇನ್ನೊಂದು ಅವಳನ್ನು ಹುಡುಕಿಕೊಂಡು ಬಂದು ಇಳಿದ ಅಪ್ಪನದು. ಯಾರೂ ಆ ಕಡೆ ಹೋಗುವುದಿಲ್ಲ.

“ನೀನು ನಿಜ ಹೇಳಲಿಲ್ಲವಾ?”

“ಹೇಳಿದರೆ ಎಲ್ಲರೂ ನೋಡಲಿಕ್ಕೆ ಹೋಗುತ್ತಾರೆ, ಅಲ್ವಾ?”

ಇದನ್ನು ಮಾವನಿಗೆ ಹೇಳಿದಾಗ ಅವರು ಬಲೆ ಹೆಣೆಯುತ್ತಿದ್ದರು. ನಗುತ್ತಾರೆ ಅಂದುಕೊಂಡಿದ್ದೆ. ಕೈ ನಿಂತಿತು.

“ಮೊದಲಿನ ಜೊತೆ ಯಾರದ್ದಂತೆ?”

ಯಾರಿಗೂ ಗೊತ್ತಿಲ್ಲ ಎಂದೆ.

“ಹಾಗಾದರೆ ನನ್ನದೂ ಅಲ್ಲೇ ಇರಲಿ,” ಎಂದರು ಮಾವ.