ಕಮಲಾಪುರದಲ್ಲಿ ಮಾತ್ರ ಕೆಡುತ್ತಿದ್ದ ಕಂಪ್ಯೂಟರು

ಕೆಟ್ಟದ್ದು ಕೆಟ್ಟಂತೆಯೇ ಇದ್ದರೆ ನನಗೆ ಸಿಟ್ಟಿಲ್ಲ. ಟಿವಿ ಹತ್ತುವುದಿಲ್ಲವೆಂದರೆ ಹತ್ತುವುದಿಲ್ಲ, ರೇಡಿಯೊ ಗೊರಗೊರ ಎಂದರೆ ಎನ್ನುತ್ತಲೇ ಇರುತ್ತದೆ. ಬಿಚ್ಚಿ ನೋಡಬಹುದು, ಬೈದುಕೊಂಡಾದರೂ ಸರಿಮಾಡಬಹುದು. ನನ್ನ ಜೀವ ತಿಂದದ್ದು ನನ್ನೆದುರು ಗರತಿಯ ಹಾಗೆ ನಡೆದುಕೊಂಡು, ನಾನು ಬೆನ್ನು ತಿರುಗಿಸಿದ ಕೂಡಲೇ ಕೆಡುತ್ತಿದ್ದ ಒಂದು ಕಂಪ್ಯೂಟರು.

ಅದು ತೊಂಬತ್ತರ ದಶಕದ ಆರಂಭ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನನ್ನ ಸೋದರಮಾವನ ರಿಪೇರಿ ಅಂಗಡಿಯಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ನಾನು ಅಲ್ಲಿ ಕೂತಿದ್ದೆ. ಕೂತಿದ್ದೆ ಎನ್ನುವುದು ಸುಮ್ಮನೆ ಮಾತಿಗೆ. ಒಂದು ಕಡೆ ಕೂರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. "ನಿನ್ನ ಕಾಲಿಗಿ ಇರಿವಿ ಮುತ್ಯಾವೇನ?" ಎಂದು ಮಾವ ದಿನಾ ಕೇಳುತ್ತಿದ್ದ. ಬಂದ ಗಿರಾಕಿಗಳು, ಕೂತವಳು ಹುಡುಗಿ ಎಂದು ಕಂಡು, ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಮೇಸ್ತ್ರಿ ಎಲ್ಲಿ ಹೋಗ್ಯಾರ್ರಿ ಬಾಯಾರ?" ಎನ್ನುತ್ತಿದ್ದರು. ಕೈಯಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ ಹಿಡಿದುಕೊಂಡು "ನಾನೇ" ಎಂದಾಗ ಅವರ ಮುಖ ನೋಡುವುದು ನನಗೊಂದು ಖುಷಿ.

ಕಮಲಾಪುರದ ಆ ಹೆಣ್ಣುಮಗಳು ಮಾತ್ರ ಮೇಸ್ತ್ರಿಯನ್ನು ಕೇಳಲಿಲ್ಲ. ಬಟ್ಟೆಯ ಚೀಲದಿಂದ ಒಂದು ದಪ್ಪ ಕೀಬೋರ್ಡು ತೆಗೆದು ನನ್ನ ಮುಂದಿಟ್ಟಳು. ಆ ಕೀಬೋರ್ಡೇ ಕಂಪ್ಯೂಟರು. ವೈರು ಎಳೆದು ಮನೆಯ ಟಿವಿಗೆ ಜೋಡಿಸಬೇಕು, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿ ಅದರ ಸದ್ದಿನಿಂದಲೇ ಪ್ರೋಗ್ರಾಮು ತುಂಬಿಸಬೇಕು. ದೊಡ್ಡ ಊರುಗಳಲ್ಲಿ ಅಷ್ಟರಲ್ಲಿ ಅದರ ಕಾಲ ಮುಗಿದಿತ್ತು. ಇವಳ ಅಣ್ಣ ಬೇಡವೆಂದು ಬಿಟ್ಟದ್ದನ್ನು ಇವಳು ತವರಿನಿಂದ ಗಂಡನ ಮನೆಗೆ ತಂದುಕೊಂಡು, ಊರಿನ ನಾಲ್ಕಾರು ಹೈಸ್ಕೂಲು ಹುಡುಗಿಯರಿಗೆ ಪಡಸಾಲೆಯಲ್ಲಿ ಪಾಠ ಶುರುಮಾಡಿದ್ದಳು.

"ಅರ್ಧಾ ತಾಸು ಚೊಲೊ ನಡಿತದ್ರಿ. ಆಮ್ಯಾಲ ಟಿವಿ ತುಂಬ ಚೌಕಡಿ ಚೌಕಡಿ ಬಂದು ನಿಂತೇ ಬಿಡ್ತದ. ಹುಡಗ್ಯಾರು ಬರದದ್ದೆಲ್ಲಾ ಹೋಗಿಬಿಡ್ತದ."

ಅವಳ ಮಾವನವರು ನಿವೃತ್ತ ಶಿರಸ್ತೇದಾರರು. ಹುಡುಗಿಯರ ಮನೆಯವರು ಗೊಣಗುವುದು ಅವರ ಕಿವಿಗೂ ಬಿದ್ದಿತ್ತು. ಯುಗಾದಿಯ ತನಕ ನೋಡುವುದು, ಅಷ್ಟರಲ್ಲಿ ನೆಟ್ಟಗಾಗದಿದ್ದರೆ ಕಂಪ್ಯೂಟರನ್ನು ತವರಿಗೆ ವಾಪಸ್ಸು ಕಳಿಸುವುದು ಎಂದು ಹೇಳಿಬಿಟ್ಟಿದ್ದರು. ಅವಳು ಇದನ್ನು ನಗುತ್ತಲೇ ಹೇಳಿದಳು. ಚೀಲದ ಕೈಯನ್ನು ಮಾತ್ರ ಹಿಂಡುತ್ತಿದ್ದಳು.

"ಬರೇ ಮಿಷನ್ ಹೋಗಂಗಿಲ್ರಿ, ಕ್ಲಾಸೂ ಬಂದಾಗ್ತದ. ಆಮ್ಯಾಲ ನಾ ಏನ್ ಕೇಳಿದ್ರೂ ಇದನ್ನೇ ಎತ್ತಿ ಆಡ್ತಾರ."

ಬಿಚ್ಚಿದೆ. ಬೆಸುಗೆ ಬಿಟ್ಟಂತೆ ಕಂಡ ಕಡೆಯೆಲ್ಲ ಹೊಸ ಬೆಸುಗೆ ಹಾಕಿದೆ. ಚಿಪ್‌ಗಳನ್ನು ಕಿತ್ತು, ಕಾಲು ಒರೆಸಿ, ಮತ್ತೆ ಕೂರಿಸಿದೆ. ಅಡಾಪ್ಟರು ಬದಲಿಸಿದೆ. ಬಿಸಿಗೆ ಕೆಡುತ್ತಿರಬಹುದೇ ಎಂದು ಮುಚ್ಚಳ ಹಾಕಿ, ಅಂಗಡಿಯ ತಗಡಿನ ಕೆಳಗೆ ಮಟಮಟ ಮಧ್ಯಾಹ್ನ ಓಡಿಸಿ ನೋಡಿದೆ. ನಾನು ಬೆವರಿದೆ, ಅದು ಬೆವರಲಿಲ್ಲ. ಸಂಜೆಯವರೆಗೂ ಒಂದು ಅಕ್ಷರ ಅಲುಗಲಿಲ್ಲ. ಗೆದ್ದೆ ಎಂದುಕೊಂಡು ಕಳಿಸಿಕೊಟ್ಟೆ.

ವಾರ ಕಳೆಯುವಷ್ಟರಲ್ಲಿ ಅವರ ಮನೆಯೆದುರಿನ ಔಷಧಿ ಅಂಗಡಿಯಿಂದ ಫೋನು ಬಂತು. ಮತ್ತೆ ನಿಂತಿತ್ತು.

ಈ ಸಲ ನಾನೇ ಬರುತ್ತೇನೆಂದು ಅದೇ ಅಂಗಡಿಗೆ ಹೇಳಿ, ಸ್ಟೆಬಿಲೈಸರ್ ಹೊತ್ತುಕೊಂಡು ಹುಮನಾಬಾದ ರಸ್ತೆಯ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಪಡಸಾಲೆ ಮದುವೆ ಮನೆಯ ಹಾಗೆ ಸಜ್ಜಾಗಿತ್ತು. ಮೇಜಿನ ಮೇಲೆ ಕಸೂತಿ ಹಾಕಿದ ಬಿಳಿ ಬಟ್ಟೆ, ಅದರ ಮೇಲೆ ಒರೆಸಿ ಇಟ್ಟ ಕಂಪ್ಯೂಟರು. ಮುಂಜಾನೆಯೆಲ್ಲ ಓಡಿಸಿದೆ, ಜಪ್ಪಯ್ಯ ಎಂದರೂ ನಿಲ್ಲಲಿಲ್ಲ. ಶಿರಸ್ತೇದಾರರು ಆರಾಮ ಕುರ್ಚಿಯಲ್ಲಿ ಪೇಪರು ಓದುತ್ತಿದ್ದವರು ಕನ್ನಡಕದ ಮೇಲಿಂದ ನೋಡಿದರು.

"ನೀವು ಬಂದ್ರ ನಡಿತದ, ಹೋದ್ರ ನಿಲ್ತದ. ನೀವ ಇಲ್ಲೇ ಇದ್ದುಬಿಡ್ರಿ ಬಾಯಾರ, ಎರಡ ರೊಟ್ಟಿ ಹೆಚ್ಚಿಗಿ ಬಡಸ್ತೇವಿ."

ಹಲ್ಲು ಕಚ್ಚಿಕೊಂಡು ನಕ್ಕೆ. ಹೊರಡುವಾಗ ಸೊಸೆ ನನ್ನ ಚೀಲಕ್ಕೆ ಕೆಂಪು ಬಾಳೆಹಣ್ಣು ತುರುಕಿದಳು. ರಿಪೇರಿ ಆಗದೆ ಹಣ್ಣು ಹೊತ್ತು ತಂದದ್ದಕ್ಕೆ ಬಸ್ಸಿನಲ್ಲಿ ನನಗೆ ಅಳು ಬಂತು. ನನ್ನ ಹಿಂದೆಯೇ ಫೋನೂ ಬಂತು.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಬೇರೆಯವರ ಟೇಪ್‌ರೆಕಾರ್ಡರ್ ಬಿಚ್ಚಿ ಕೂತು ಕಮಲಾಪುರದ ಕರೆಂಟನ್ನು ಬೈಯುತ್ತಿದ್ದೆ. ಅವರ ಮನೆಯ ಹಿಂದಿನ ತೋಟದ ಪಂಪ್‌ಸೆಟ್ಟಿನ ಮೇಲೆ ಅನುಮಾನ ಬಂತು, ಟಿವಿಯ ಮೇಲೆ ಬಂತು, ಕ್ಯಾಸೆಟ್ಟಿನ ಮೇಲೆ ಬಂತು. ಒಂದೊಂದು ಅನುಮಾನಕ್ಕೂ, ಮೊದಲೇ ಫೋನು ಮಾಡಿ ತಿಳಿಸಿ, ಒಂದೊಂದು ಸಲ ಹೋಗಿ ಬಂದೆ. ಎಲ್ಲ ಮುಗಿದ ಮೇಲೆ ಉಳಿದದ್ದು ಅವಳ ಅತ್ತೆ, ಶಿರಸ್ತೇದಾರರ ಹೆಂಡತಿ. ಆಕೆ ಮಾತಿನವರಲ್ಲ. ನಾನು ಹೊಸ್ತಿಲು ದಾಟುವ ಹೊತ್ತಿಗೆ ಸೆರಗಿನೊಳಗೆ ಏನೋ ಅವುಚಿಕೊಂಡು ಲಗುಬಗೆಯಿಂದ ಅಡುಗೆಮನೆಗೆ ಹೋಗುವುದನ್ನು ನಾನು ನೋಡಿದ್ದೆ. ಸೊಸೆಯ ಕ್ಲಾಸು ಈಕೆಗೆ ಬೇಡವಾಗಿದೆ, ಏನೋ ಮಾಡುತ್ತಾರೆ ಎಂದು ನನ್ನ ತಲೆಯಲ್ಲಿ ಹೊಕ್ಕಿತು. ಅಂಗಡಿಗೆ ಬಂದು ನನ್ನ ಸೋದರಮಾವನ ಮುಂದೆ ಹೇಳಿದೆ.

"ಇದು ರೇಡಿಯೊ ಅಂಗಡಿ ಅದ" ಎಂದ ಮಾವ. "ಅತ್ತಿ ಸೊಸಿ ಜಗಳದ್ದು ಸ್ಪೇರ್ ಪಾರ್ಟ್ ನಮ್ಮ ಕಡಿ ಇಲ್ಲ."

ಯುಗಾದಿಯ ಹಿಂದಿನ ದಿನ. ಅಂಗಡಿಯಲ್ಲಿ ಕೈಯಾಡಲಿಲ್ಲ. ನಾಳೆ ಆ ಕಂಪ್ಯೂಟರು ತವರಿಗೆ ಹೋಗುತ್ತದೆ, ನಾನು ಸೋತಂತೆಯೇ. ಮಾವ ಚಹಾಕ್ಕೆ ಹೋದವನು ಬರುವಷ್ಟರಲ್ಲಿ ನಾನು ಬಸ್ಸಿನಲ್ಲಿದ್ದೆ. ಫೋನು ಮಾಡಿರಲಿಲ್ಲ, ಚೀಲವನ್ನೂ ತಂದಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಕಡೆಯ ಪಾಠ ನಡೆದಿತ್ತು. ಹುಡುಗಿಯರು ಟಿವಿಯ ಮುಂದೆ ಒತ್ತೊತ್ತಾಗಿ ಕೂತಿದ್ದರು. ಸೊಸೆ ಏನೋ ವಿವರಿಸುತ್ತಿದ್ದಳು. ಗೋಡೆಗೊರಗಿ ಅತ್ತೆಯೂ ಕೂತಿದ್ದರು. ಮೇಜಿನ ಮೇಲೆ ಕಂಪ್ಯೂಟರು ಕಾಣಲೇ ಇಲ್ಲ. ಕಂಡದ್ದು ಒಂದು ಪುಟ್ಟ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ, ಒತ್ತಾಗಿ ದಾರ ಹಾಕಿ ಹೊಲಿದದ್ದು. ಕೂಸಿಗೆ ಹೊಚ್ಚಿದ ಹಾಗೆ ಹಿಂದಿನಿಂದ, ಬದಿಗಳಿಂದ, ಅಡಿಯವರೆಗೆ ಸುತ್ತಿ, ಕೀಲಿಗಳಷ್ಟೇ ಹೊರಗಿರುವಂತೆ ಬಿಟ್ಟಿದ್ದರು.

ನನ್ನನ್ನು ನೋಡಿದ್ದೇ ತಡ, ಅತ್ತೆ ಗಡಬಡಿಸಿ ಎದ್ದು ಕೌದಿಗೆ ಕೈಹಾಕಿದರು.

"ತಡೀರಿ! ಮುಟ್ಟಬ್ಯಾಡ್ರಿ!" ಎಂದು ನಾನು ಕೂಗಿದ ರಭಸಕ್ಕೆ ಹುಡುಗಿಯರು ಬೆಚ್ಚಿಬಿದ್ದರು.

ಹಾಗೇ ಬಿಡಿ, ಪಾಠ ಮಾಡಿ ಎಂದೆ. ಯಾರಿಗೂ ಏನೂ ಅರ್ಥವಾಗಲಿಲ್ಲ. ಒಬ್ಬ ಹುಡುಗಿ ಅಂಜುತ್ತ ಒಂದೊಂದೇ ಅಕ್ಷರ ಒತ್ತತೊಡಗಿದಳು. ನಾನು ನಿಂತೇ ಇದ್ದೆ, ಉಗುರು ಕಚ್ಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ಟಿವಿಯಲ್ಲಿ ಅಕ್ಷರಗಳು ನಡುಗಿದವು, ಚೌಕಡಿಗಳು ಬಂದವು, ಎಲ್ಲ ನಿಂತುಹೋಯಿತು. ಇಷ್ಟು ದಿನ ನನ್ನಿಂದ ಮುಖ ಮರೆಸಿದ್ದ ದೋಷ ಕಡೆಗೂ ಕಣ್ಣೆದುರು ಬಂದಿತ್ತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಸೊಸೆಯ ಕಣ್ಣಲ್ಲಿ ನೀರಿತ್ತು, ನಾನು ನಗುತ್ತಿದ್ದೆ. ಕೌದಿಯೊಳಗೆ ಕೈ ತೂರಿಸಿದರೆ ಸುಡುತ್ತಿತ್ತು. ಬಿಸಿ ಹೊರಗೆ ಹೋಗಲೆಂದು ಹಿಂಬದಿಯಲ್ಲಿ ಇಟ್ಟ ಸೀಳುಗಳೆಲ್ಲ ಮುಚ್ಚಿಹೋಗಿದ್ದವು.

"ಇದಕ್ಕ ಏನೂ ಆಗಿಲ್ರಿ" ಎಂದೆ. "ಹೊಚ್ಚಿದ್ದಕ್ಕ ಝಳ ಒಳಗೇ ಉಳದು ಉಸಿರು ಕಟ್ಟಾಕತ್ತದ."

ಅತ್ತೆಯ ಮುಖ ಇಳಿಯಿತು. "ಅಯ್ಯ ಯವ್ವಾ, ನಾನ ಕೆಡಸಿದ್ನೇನು? ರಸ್ತಾದ ಧೂಳ ಬರ್ತದ, ಮ್ಯಾಲಿಂದ ಹಲ್ಲಿ ಬೀಳ್ತಾವ ಅಂತ ಹೊಲದು ಹೊಚ್ಚಿದ್ದೆ. ನೀವು ಬರ್ತೀರಿ ಅಂದಾಗ, ಮಂದಿ ಮುಂದ ಹಳೇ ಸೀರಿ ಕೌದಿ ಹ್ಯಾಂಗ ಇಡೂದಂತ ತಗದು ಒಳಗ ಒಯ್ತಿದ್ದೆ."

ಸೊಸೆ ಹಣೆ ತಟ್ಟಿಕೊಂಡಳು. ಅವಳೂ ದಿನಾ ಆ ಕೌದಿಯ ಮುಂದೆಯೇ ಕೂತು ಪಾಠ ಹೇಳಿದವಳು.

"ನಿನ್ನ ಕ್ಲಾಸಿಗಿ ನಾನ ಅಡ್ಡ ಬಂದೆ ನೋಡು" ಎಂದು ಅತ್ತೆ ಸೊಸೆಯ ಕಡೆ ತಿರುಗಿದರು. ಆಮೇಲೆ ನನಗೆ ಹೇಳಿದರು, "ನನ್ನ ಕಾಲ ಮ್ಯಾಲೂ ನಾನ ಕಲ್ಲ ಹಾಕ್ಕೊಂಡೆ. ಲಗ್ನಾ ಆಗಿ ಬಂದಾಗಿಂದ ನಾ ಈ ಪಡಸಾಲ್ಯಾಗ ಕುಂತಾಕಿ ಅಲ್ರಿ. ಕಸಾ ಹೊಡೀಬೇಕು, ಒಳಗ ಹೋಗಬೇಕು. ಹುಡಗ್ಯಾರು ಬರಾಕ ಹತ್ತಿದ ಮ್ಯಾಲ, ದೊಡ್ಡವರೊಬ್ಬರು ಇರಲಿ ಅಂತ ನಮ್ಮ ಮನಿಯವರ ನನ್ನ ಇಲ್ಲಿ ಕೂಡ್ಸಿದ್ರು. ಇದು ನಡಿಯೂ ತನಕಾ ನಾ ಇಲ್ಲಿ. ನಿಂತ ಕೂಡ್ಲೇ ಮತ್ತ ಒಲಿ ಮುಂದ."

ಆಕೆಯ ಮೇಲೆ ನಾನಿಟ್ಟುಕೊಂಡಿದ್ದ ಗುಮಾನಿಯೆಲ್ಲ ಅಲ್ಲೇ ಇಳಿದುಹೋಯಿತು. ಸೊಸೆಗೆ ಯುಗಾದಿಯ ಚಿಂತೆ ಇದ್ದಷ್ಟು ದಿನವೂ ಈಕೆಗೂ ಇತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ. ನನಗೆ ತುಂಬ ಸಂಕಟವಾಯಿತು.

ಕೌದಿ ಬಿಚ್ಚಿ ಅವರ ಕೈಗೆ ಕೊಟ್ಟೆ. ಬೀಸಣಿಗೆಯಿಂದ ಗಾಳಿ ಹಾಕಿದೆವು. ಅಡಿಗೆ ಎರಡು ಬಳಪದ ತುಂಡು ಕೊಟ್ಟು ತುಸು ಎತ್ತರಿಸಿದೆ. ಕ್ಯಾಸೆಟ್ಟು ಮತ್ತೆ ಕಿರ್ರೋ ಎಂದು ಕೂಗಿತು, ಟಿವಿಯಲ್ಲಿ ಅಕ್ಷರ ಮೂಡಿತು, ಹುಡುಗಿಯರು ಮೊದಲಿನಿಂದ ಬರೆಯತೊಡಗಿದರು. ಅತ್ತೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಕಿ, ಅದರ ಮೇಲೆ ಕೂತರು.

ನಿಲ್ಲುತ್ತಿದ್ದ ಹೊತ್ತು ದಾಟಿತು. ಮತ್ತಷ್ಟು ಹೊತ್ತು ದಾಟಿತು. ಆಗ ಶಿರಸ್ತೇದಾರರು ಬಂದರು. ಒಂದು ಕೈಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಸುತಳಿ. ಕಟ್ಟಿ ಕಳಿಸುವ ತಯಾರಿಯಲ್ಲೇ ಬಂದಿದ್ದರು. ಹುಡುಗಿಯರು ಎದ್ದರು, ಸೊಸೆ ಸೆರಗು ಸರಿಮಾಡಿಕೊಂಡು ಎದ್ದಳು. ಅಷ್ಟೇಕೆ, ಯಾರಿಗೂ ಜಗ್ಗದ ನಾನೂ ಎದ್ದೆ.

ಅತ್ತೆ ಏಳಲಿಲ್ಲ.

"ಪೆಟಗಿ ಹೊರಗಿಡ್ರಿ" ಎಂದರು. "ಪಾಠ ನಡದದ."

ಶಿರಸ್ತೇದಾರರು ಹೆಂಡತಿಯನ್ನು ನೋಡಿದರು, ಟಿವಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ನನ್ನ ಕಾಲ ಹೆಬ್ಬೆರಳು ನೋಡಿಕೊಂಡೆ.

"ಎಷ್ಟೊತ್ತು?" ಎಂದು ಕೇಳಿದರು.

"ಮುಗದಮ್ಯಾಲ ಕರೀತೇನಿ."

ಅವರು ಪೆಟ್ಟಿಗೆ ಹಿಡಿದುಕೊಂಡೇ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.