ಈರಪ್ಪ ಕಾಕಾ, ಆ ಧ್ವನಿ ಅಳಿಸಿಹೋಗಿರಲಿಲ್ಲ

ಈರಪ್ಪ ಕಾಕಾ, ನಾನು ನಿಮಗೆ ಸುಳ್ಳು ಹೇಳಿದ್ದೆ. ಕಾಕೂನ ಧ್ವನಿಯನ್ನು ಯಾರೂ ಅಳಿಸಿರಲಿಲ್ಲ — ನಾನೇ ಬಂದ್ ಮಾಡಿದ್ದೆ.

ರಬಕವಿಯಲ್ಲಿ ನನ್ನ ಇಂಟರ್‌ನೆಟ್ ಸೆಂಟರ್ ಇದ್ದ ಕಾಲ. ನಾಲ್ಕೇ ಕಂಪ್ಯೂಟರ್. ಮಗ್ಗಕ್ಕೆ ರಜೆಯಿದ್ದ ದಿನ ನೀವು ಒಗೆದ ಟೋಪಿ ಇಟ್ಟುಕೊಂಡು, ಮದುವೆಗೆ ಹೊರಟವರ ಹಾಗೆ ಬರುತ್ತಿದ್ದಿರಿ. ಜಾನಪದ ಸಂಗ್ರಹಿಸುವವರು ಯಾರೋ ನಿಮ್ಮ ಓಣಿಯ ಹೆಂಗಸರು ಗಂಡನ ಹೆಸರು ಸೇರಿಸಿ ಪ್ರಾಸ ಕಟ್ಟಿ ಹೇಳುವ ಒಡಪುಗಳನ್ನು ರೆಕಾರ್ಡ್ ಮಾಡಿಕೊಂಡು ವೆಬ್‌ಸೈಟಿಗೆ ಹಾಕಿದ್ದರು. ಅದರಲ್ಲಿ ತೀರಿಹೋದ ನಿಮ್ಮ ಹೆಂಡತಿ, ನಮ್ಮ ಕಾಕು, ನಾಚುತ್ತ, ನಗುತ್ತ, ಒಡಪು ಕಟ್ಟಿ ನಿಮ್ಮ ಹೆಸರು ಹೇಳುತ್ತಿದ್ದರು.

"ಮದಿವ್ಯಾಗ ಒಮ್ಮೆ ಹೆಸರ ಹೇಳಿದ್ಲವಾ. ಆಮ್ಯಾಲ ಜೀವನಾ ಪೂರ್ತಿ ಬರೇ 'ಏನ್ರೀ'. ಈಗ ಇಲ್ಲಿ ಮತ್ತ ಹೆಸರ ಹೇಳ್ತಾಳ ನೋಡು," ಎಂದಿದ್ದಿರಿ.

ಮಗ್ಗದ ಸದ್ದಿಗೆ ನಿಮ್ಮ ಕಿವಿ ಮಂದವಾಗಿತ್ತು. ಸ್ಪೀಕರ್ ಪೂರ್ತಿ ಏರಿಸಬೇಕು. ರಿಸಲ್ಟ್ ನೋಡಲು ಬಂದ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ನನಗೆ ಮುಜುಗರ — ನಿಮ್ಮಿಂದ ನನ್ನ ಅಂಗಡಿಯ ಮರ್ಯಾದೆ ಹೋಗುತ್ತಿದೆ ಎಂದುಕೊಂಡೆ. ಎಂಥ ದೊಡ್ಡ ಅಂಗಡಿ ಅದು!

ಬ್ರೌಸರಿಗೆ ಅಂಟಿಕೊಂಡ ಬೇಡದ ಮೀಡಿಯಾ ಪ್ಲಗಿನ್‌ಗಳೆಂಬ ಸಣ್ಣ ಪ್ರೋಗ್ರಾಂಗಳಿಂದ ಕಂಪ್ಯೂಟರುಗಳು ಆಗಾಗ ಹ್ಯಾಂಗ್ ಆಗುತ್ತಿದ್ದವು. ಒಂದು ಬೆಳಿಗ್ಗೆ ಪಟ್ಟಿ ತೆರೆದು ಒಂದೊಂದನ್ನೇ ಡಿಸೇಬಲ್ ಮಾಡುತ್ತ ಹೋದೆ. ನಿಮ್ಮ ಪುಟಕ್ಕೆ ಧ್ವನಿ ಕೊಡುವ ಪ್ಲಗಿನ್ ಬಂತು. ಅದರಿಂದ ಏನೂ ತೊಂದರೆ ಇರಲಿಲ್ಲ. ಕೈ ಒಂದು ಕ್ಷಣ ತಡೆಯಿತು — ತಡೆದದ್ದು ಚೆನ್ನಾಗಿ ನೆನಪಿದೆ — ಆಮೇಲೆ ಅದನ್ನೂ ಬಂದ್ ಮಾಡಿದೆ.

ನೀವು ಬಂದಿರಿ. ಪುಟ ತೆರೆಯಿತು, ಧ್ವನಿ ಬರಲಿಲ್ಲ.

"ಅವ್ರು ಅಳಿಸಿಬಿಟ್ಟಾರ್ರಿ ಕಾಕಾ," ಎಂದು ನಿಮಗೆ ಕೇಳುವಂತೆ ಕೂಗಿ ಹೇಳಿದೆ.

"ಆತು ಬಿಡವಾ. ನೀ ಮನಸಿಗೆ ಹಚ್ಕೋಬ್ಯಾಡ," ಎಂದು ನನ್ನನ್ನೇ ಸಮಾಧಾನ ಮಾಡಿ ಎದ್ದಿರಿ. ಮತ್ತೆ ಬರಲಿಲ್ಲ. ಅದನ್ನು ಮತ್ತೆ ಚಾಲೂ ಮಾಡುವುದು ಎರಡು ಕ್ಲಿಕ್ಕಿನ ಕೆಲಸವಾಗಿತ್ತು. ಕರೆತಂದು ಕೇಳಿಸಬಹುದಿತ್ತು. ನಾಳೆ, ನಾಡಿದ್ದು ಎನ್ನುತ್ತ ವರ್ಷಗಳೇ ಕಳೆದವು.

ಮೊನ್ನೆ ಹುಡುಕಿದೆ. ಪುಟ ಇನ್ನೂ ಇದೆ. ಈಗ ಅದಕ್ಕೆ ಯಾವ ಪ್ಲಗಿನ್ನೂ ಬೇಕಿಲ್ಲ. ಒತ್ತಿದರೆ ಸಾಕು, ಕಾಕು ನಗುತ್ತಾರೆ. ಓಡಿ ನಿಮ್ಮ ಮನೆಗೆ ಬಂದೆ. ನಿಮ್ಮ ಕಿವಿ ಪೂರ್ತಿ ಹೋಗಿದೆ ಎಂದು ನಿಮ್ಮ ಮಗಳು ಬಾಗಿಲಲ್ಲೇ ಹೇಳಿದಳು. ಒಳಗೆ ನೀವು ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದಿರಿ. ಒಳಗೆ ಬರುವ ಧೈರ್ಯ ನನಗಾಗಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ ಕಾಕಾ. ಒಡಪನ್ನು ದೊಡ್ಡ ಅಕ್ಷರದಲ್ಲಿ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಕಾಕು ಎಲ್ಲಿ ತಡೆದರು, ಎಲ್ಲಿ ನಕ್ಕರು ಎಂಬುದನ್ನೂ ಗುರುತು ಮಾಡಿದ್ದೇನೆ. ನಾಳೆ ನಾನೇ ತಂದುಕೊಟ್ಟು ನಿಮ್ಮ ಎದುರಿಗೆ ಕೂರುತ್ತೇನೆ. ಮೊದಲು ನನ್ನ ತಪ್ಪನ್ನು ಓದಿ. ಆಮೇಲೆ ಆ ಇನ್ನೊಂದು ಹಾಳೆ. ನಿಮ್ಮ ಹೆಸರು ಕೊನೆಯ ಸಾಲಿನಲ್ಲಿದೆ.